ಬೀಗದ ಮುಂದೆ ನಿಂತವರು

ನಾನು ಬೀಗದ ಕೈ ಮಾಡುವವಳು. ಹತ್ತೊಂಬತ್ತು ವರ್ಷದಿಂದ ಮೇಲ್ಸೇತುವೆಯ ಮೆಟ್ಟಿಲ ಕೆಳಗೆ ಕೂತಿದ್ದೇನೆ. ಒಂದು ಸ್ಟೂಲು, ಒಂದು ಮರದ ಪೆಟ್ಟಿಗೆ, ಲೋಹ ಉಜ್ಜುವ ಏಳು ಅರ, ಬೀಗದ ಕೈಯನ್ನು ಕಚ್ಚಿ ಹಿಡಿಯುವ ಒಂದು ಕಬ್ಬಿಣದ ವೈಸ್, ಇಷ್ಟೇ ನನ್ನ ಅಂಗಡಿ. ಬೀದಿಯವರಿಗೆಲ್ಲ ನಾನು ಬೀಗದಕ್ಕ. ಕೆಲಸ ಅಪ್ಪನಿಂದ ಬಂದದ್ದು, ಕಟ್ಟಳೆಯೂ ಅಪ್ಪನಿಂದಲೇ ಬಂದದ್ದು: ಬೀಗ ತೆಗೆಯಬೇಕಾದರೆ ಅದರ ಮುಂದೆ ಒಡೆಯರು ನಿಂತಿರಬೇಕು. ತಮ್ಮನ ಮನೆ, ಭಾವನ ಪೆಟ್ಟಿಗೆ, ಸಾಹೇಬರ ಬೀರು ಅಂತ ಯಾರು ಕಥೆ ಹೇಳಿಕೊಂಡು ಬಂದರೂ ಅರ ಕೆಳಗಿಟ್ಟು ಕೈಕಟ್ಟಿ ಕೂರುತ್ತೇನೆ. ಇದರಿಂದ ಕಳೆದುಕೊಂಡ ಗಿರಾಕಿಗಳು ಬೇಕಾದಷ್ಟು. ಹೋಗಲಿ ಬಿಡಿ, ಅವರಿಗೇ ನಷ್ಟ.

ಹೋದ ತಿಂಗಳು ನಗರ ಕಚೇರಿಯವರು ಕಂಬಕ್ಕೆ ಒಂದು ಹಾಳೆ ಅಂಟಿಸಿದರು. ಬೀದಿಬದಿ ಕೂರುವವರೆಲ್ಲ ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಮೊಬೈಲಿನಲ್ಲಿ ತಮ್ಮ ಜಾಗ ನೋಂದಾಯಿಸಬೇಕಂತೆ. ಆ ಜಾಗದಿಂದಲೇ ಫೋಟೊ ಕಳಿಸಬೇಕಂತೆ. ಒಂದು ಫೋನಿನಿಂದ ಒಂದೇ ಜಾಗ. ತಪ್ಪಿಸಿಕೊಂಡವರ ಜಾಗ ಬೇರೆಯವರ ಪಾಲು. ನನ್ನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು. ತಂಗಿಯ ಫೋನನ್ನು ಅವಳ ಗಂಡನ ಚಪ್ಪಲಿ ರಿಪೇರಿ ಜಾಗಕ್ಕೆ ಬಳಸಿ ಆಗಿತ್ತು. ಅಕ್ಕಪಕ್ಕದವರ ಫೋನುಗಳ ಕಥೆಯೂ ಅಷ್ಟೇ. ಕೊನೆಗೆ ಸೋಮವಾರ, ಬಸ್ ನಿಲ್ದಾಣದ ಎದುರಿನ ಓಣಿಗೆ ಹೋಗಿ ಒಂದು ಸೆಕೆಂಡ್ ಹ್ಯಾಂಡ್ ಫೋನು ತಂದೆ.

ಮಾರಿದವನನ್ನು ಓಣಿಯವರು ಗ್ಯಾರಂಟಿ ಅನ್ನುತ್ತಾರೆ. ಎರಡು ಮಾತಿಗೊಮ್ಮೆ ಗ್ಯಾರಂಟಿ ಅಂದು ಅಂದು ಅದು ಅವನ ಹೆಸರಿಗೆ ಅಂಟಿಕೊಂಡಿತು, ಮಾಲಿಗೆ ಅಂಟಲಿಲ್ಲ. ಅವನು ಫೋನು ಹಚ್ಚಿ ತೋರಿಸಿದ, ನನ್ನದೇ ಫೋಟೊ ತೆಗೆದ, ಒಂದು ಹಾಡೂ ಹಾಕಿದ. ಎಲ್ಲವೂ ಸರಿಯಾಗಿಯೇ ಇತ್ತು.

ಕೆಡಿಸಿದವಳು ನಾನು. ಹಳೆಯ ಬೀಗ ನನ್ನ ಕೈಗೆ ಬಂದರೆ ಹಾಗೆಯೇ ಬಾಗಿಲಿಗೆ ಹಾಕಿದವಳಲ್ಲ. ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒಳಗಿನ ಪಿನ್ನುಗಳನ್ನೆಲ್ಲ ಬದಲಿಸಿ ಹೊಸ ಕೈ ಕಡಿಯುತ್ತೇನೆ. ಹಳೆಯ ಕೈ ಯಾರ ಜೇಬಿನಲ್ಲಿದೆಯೋ ಯಾರಿಗೆ ಗೊತ್ತು? ಮನೆಗೆ ಬಂದವಳೇ ತಂಗಿಗೆ ಫೋನು ಕೊಟ್ಟು, ಒಳಗಿರುವುದೆಲ್ಲ ತೊಳೆದು ಹಾಕು ಅಂದೆ. ಸರಿಯಾಗೇ ಇದೆಯಲ್ಲ ಅಕ್ಕಾ ಅಂತ ಅವಳು ಎರಡು ಸಲ ಹೇಳಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಒತ್ತಿದಳು. ಫೋನು ಕಪ್ಪಾಯಿತು, ಬೆಳ್ಳಗಾಯಿತು, ನಮಗೆ ಸ್ವಾಗತ ಹೇಳಿತು, ಆಮೇಲೆ ಕೇಳಿತು: ಈ ಫೋನಿನಲ್ಲಿ ಹಿಂದೆ ಇದ್ದ ಖಾತೆಯ ಪಾಸ್‌ವರ್ಡ್ ಕೊಡಿ. ಖಾತೆಯ ಮೊದಲ ಅಕ್ಷರ ಒಂದೇ ಕಾಣುತ್ತಿತ್ತು, ಉಳಿದಲ್ಲೆಲ್ಲ ಚುಕ್ಕಿಗಳು. ಅದರಿಂದಾಚೆ ಅದು ಜಪ್ಪಯ್ಯ ಅಂದರೂ ಮುಂದೆ ಹೋಗಲಿಲ್ಲ.

ಬೆಳಗ್ಗೆ ಗ್ಯಾರಂಟಿಯ ಮುಂದೆ ಫೋನಿಟ್ಟೆ. ಅವನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಬಾಗಿಲು ತೆಗೆದಿರೋ ಮನೆ ಕೊಟ್ಟಿದ್ದೆ ಅಕ್ಕಾ. ಹೊರಗೆ ಬಂದು ಬಾಗಿಲು ಎಳ್ಕೊಂಡೋರು ನೀವು."

ಬೀಗದಕ್ಕನಿಗೇ ಬೀಗ ಬಿತ್ತು ಅನ್ನುವ ಸುದ್ದಿ ನಾನು ಓಣಿ ದಾಟುವ ಮೊದಲೇ ಓಣಿ ದಾಟಿತ್ತು. ಜ್ಯೂಸ್ ಅಂಗಡಿಯವನು ಕೂಡ ಹಲ್ಲು ಕಿರಿದ. ನಗಲಿ, ನಗುವಂಥದ್ದೇ ಆಗಿತ್ತು. ಆದರೆ ಗ್ಯಾರಂಟಿ ಆಮೇಲೆ ಹೇಳಿದ ಮಾತು ನಗುವಂಥದ್ದಾಗಿರಲಿಲ್ಲ. ಒಳಗೆ ರಿಪೇರಿಯವನಿದ್ದಾನೆ, ಹತ್ತು ನಿಮಿಷದಲ್ಲಿ ಲಾಕ್ ಒಡೆದು ಕೊಡುತ್ತಾನೆ ಅಂದ. ಫೋನು ಮೊದಲು ಯಾರದು ಅಂತ ಕೇಳಿದೆ. ಯಾರದಾದರೇನು ಅಂದ. ನೀವೂ ದಿನಾ ಬೀಗ ಒಡೆಯೋರೇ ತಾನೆ ಅಂತಲೂ ಸೇರಿಸಿದ.

"ಒಡೆಯೋಳಲ್ಲಪ್ಪ ನಾನು, ತೆಗೆಯೋಳು. ಅದೂ ಒಡೆಯರು ಎದುರಿಗಿದ್ರೆ."

ಹಾಗಿದ್ದರೆ ಒಡೆಯರನ್ನು ಹುಡುಕಿಕೊಳ್ಳಿ ಅಂತ ಅವನು ಬೇರೆ ಗಿರಾಕಿಯ ಕಡೆ ತಿರುಗಿದ.

ಬುಧವಾರ ಇಡೀ ದಿನ ತಂಗಿ ನನ್ನ ಬೆನ್ನು ಬಿಡಲಿಲ್ಲ. ಒಡೆಸಿಬಿಡು ಅಕ್ಕಾ, ಜಾಗ ಹೋದರೆ ಮತ್ತೆಲ್ಲಿ ಕೂರುತ್ತೀ ಅಂತ ಅತ್ತಳು. ನನಗೆ ಭಯವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆ ಮೆಟ್ಟಿಲ ಕೆಳಗಿನ ನಾಲ್ಕಡಿ ಜಾಗ ಬಿಟ್ಟರೆ ನನ್ನನ್ನು ಯಾರಾದರೂ ಹುಡುಕಿಕೊಂಡು ಬರುವ ಇನ್ನೊಂದು ವಿಳಾಸ ಈ ಊರಿನಲ್ಲಿಲ್ಲ. ಆದರೂ ಒಡೆಸಲಿಕ್ಕೆ ಮನಸ್ಸು ಬರಲಿಲ್ಲ. ಕದ್ದ ಮಾಲೋ ಬಿದ್ದ ಮಾಲೋ ಗೊತ್ತಿಲ್ಲ. ಹತ್ತೊಂಬತ್ತು ವರ್ಷ ಊರವರಿಗೆಲ್ಲ ಹೇಳಿದ ಕಟ್ಟಳೆಯನ್ನು ನನಗೇ ಬೇಕಾದಾಗ ಮುರಿದರೆ, ನಾಳೆ ಯಾವ ಮುಖ ಇಟ್ಟುಕೊಂಡು ಇನ್ನೊಬ್ಬನಿಗೆ ಇಲ್ಲ ಅನ್ನಲಿ? ಸಿಟ್ಟು ನೆತ್ತಿಗೇರಿತು. ಮಾಲು ಯಾರದ್ದೆಂದು ಕೇಳದೆ ಕೊಂಡವನು ಗ್ಯಾರಂಟಿ, ಮಾರಿದವನು ಅವನು, ತಲೆ ತಗ್ಗಿಸಿ ಓಡಾಡಬೇಕಾದವಳು ನಾನೇ?

ಗುರುವಾರ ಬೆಳಗ್ಗೆ ಸ್ಟೂಲು, ಪೆಟ್ಟಿಗೆ, ವೈಸ್ ಎಲ್ಲ ಹೊತ್ತುಕೊಂಡು ಹೋಗಿ ಗ್ಯಾರಂಟಿಯ ಅಂಗಡಿಯ ಮುಂದೆ ಕೂತೆ. ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಪೆಟ್ಟಿಗೆಗೆ ಒರಗಿಸಿದೆ: ಈ ಅಂಗಡಿಯಲ್ಲಿ ಫೋನು ಕೊಂಡರೆ ಬೀಗದ ಕೈ ಕೊಡುವುದಿಲ್ಲ. ಬರೀ ಕೈ ಕೊಡುತ್ತಾರೆ.

ಓದಿದವರು ನಕ್ಕರು. ನಕ್ಕವರು ಒಳಗೆ ಹೋಗಲಿಲ್ಲ. ನಾನು ನನ್ನ ಪಾಡಿಗೆ ಹಿತ್ತಾಳೆ ಉಜ್ಜುತ್ತಿದ್ದೆ. ಅರದ ಸದ್ದು ಗೊತ್ತಲ್ಲ, ಹಲ್ಲಿನ ಬೇರಿಗೇ ಹೋಗಿ ಕೂರುತ್ತದೆ. ಗ್ಯಾರಂಟಿ ಮೊದಲು ಗದರಿದ. ಆಮೇಲೆ ಟೀ ತರಿಸಿ ಬೆಣ್ಣೆ ಹಚ್ಚಿದ. ಟೀ ಕುಡಿದೆ, ಎದ್ದು ಹೋಗಲಿಲ್ಲ. ಪೊಲೀಸರನ್ನು ಕರೆಸುತ್ತೇನೆ ಅಂದ. ಕರೆಸಪ್ಪ, ಫೋನು ಯಾರದು ಅಂತ ಅವರೂ ಕೇಳಲಿ ಅಂದೆ. ಆಮೇಲೆ ಅವನು ಆ ಮಾತೆತ್ತಲಿಲ್ಲ.

ಶುಕ್ರವಾರ ಮೂರು ಗಂಟೆಗೆ ಅವನಿಗೆ ಸಾಕುಸಾಕಾಯಿತು. ಡ್ರಾಯರು ಕೆದಕಿ, ಆ ಫೋನು ಮಾರಿ ಹೋದವನ ಗುರುತಿನ ಚೀಟಿಯ ಜೆರಾಕ್ಸ್ ತಂದು ನನ್ನ ಮಡಿಲಿಗೆ ಎಸೆದ. ಅವನಿಗೆ ತಾನೇ ಕರೆ ಮಾಡಿದ್ದನಂತೆ, ಫೋನು ಅನ್ನುವ ಮಾತು ಕೇಳುತ್ತಲೇ ಆಸಾಮಿ ಕರೆ ಕತ್ತರಿಸಿದನಂತೆ. ವಿಳಾಸ ಇದೆ, ನೀವುಂಟು ಅವನುಂಟು ಅಂದ. ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಹೊರಟೆ.

ಹುಡುಕಿ ಮುಟ್ಟುವಾಗ ಆರು ದಾಟಿತ್ತು. ಮೂರನೇ ಮಹಡಿ, ಎಡಗಡೆ ಮನೆ. ಬಾಗಿಲಿಗೆ ಬೀಗ. ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಮಾತ್ರೆ ತುಂಬುವ ಕಾರ್ಖಾನೆಯ ನೀಲಿ ಸಮವಸ್ತ್ರ, ಕುತ್ತಿಗೆಯಲ್ಲಿ ಪಟ್ಟಿಗೆ ನೇತುಹಾಕಿದ ಗುರುತಿನ ಚೀಟಿ, ಮಡಿಲಲ್ಲಿ ಊಟದ ಚೀಲ. ಜೆರಾಕ್ಸಿನಲ್ಲಿದ್ದ ಹೆಸರು ಹೇಳಿ ಕೇಳಿದೆ. ನಮ್ಮ ಮನೆಯವರೇ ಅಂದಳು. ಏಳೂವರೆಗೆ ಬರುತ್ತಾರೆ, ಬೀಗದ ಕೈ ಅವರ ಹತ್ತಿರವೇ ಇದೆ ಅಂದಳು. ಇನ್ನೊಂದು ಇಲ್ಲವಾ ಅಂತ ನನ್ನ ಬಾಯಿ ತಡೆಯಲಿಲ್ಲ. ಎರಡಿದ್ದರೆ ಒಂದು ಕಳೆದುಹೋಗುತ್ತದೆ ಅನ್ನುತ್ತಾರಂತೆ. ಇವಳಿಗೆ ಕೆಲಸ ಬಿಡುವುದು ನಾಲ್ಕಕ್ಕೆ. ನಾಲ್ಕು ವರ್ಷದಿಂದ ಸಂಜೆಗಳೆಲ್ಲ ಆ ಮೆಟ್ಟಿಲ ಮೇಲೆಯೇ. ಮೆಟ್ಟಿಲ ಕೆಳಗೆ ಕೂರುವ ನನಗಾದರೂ ನಾಲ್ಕು ಕಾಸಿನ ದುಡಿಮೆ ಇದೆ.

ಫೋನು ತೆಗೆದು ತೋರಿಸಿದೆ. ಅವಳು ಮೊದಲು ಹಿಂಬದಿ ತಿರುಗಿಸಿದಳು. ಅಲ್ಲಿ ಒಂದು ನಕ್ಷತ್ರದ ಸ್ಟಿಕ್ಕರ್ ಅರ್ಧ ಉಳಿದಿತ್ತು. ಅದರ ಮೇಲೆ ಬೆರಳಾಡಿಸಿದಳು.

"ಇದು ನಂದು. ರಿಪೇರಿಗೆ ಕೊಡ್ತೀನಿ ಅಂತ ತಗೊಂಡು ಹೋದ್ರು. ಬಸ್ಸಲ್ಲಿ ಬಿದ್ದುಹೋಯ್ತು ಅಂದ್ರು."

ಜೆರಾಕ್ಸ್ ಕೊಟ್ಟೆ. ಕೆಳಗೆ ಮಾರಿದ ದಿನಾಂಕ, ಸಹಿ ಎಲ್ಲ ಇತ್ತು. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಅಳುತ್ತಾಳೇನೋ ಅಂದುಕೊಂಡೆ, ಅಳಲಿಲ್ಲ. ತಾನು ಒಡಹುಟ್ಟಿದ ಅಕ್ಕನ ಜೊತೆ ಗಂಟೆಗಟ್ಟಲೆ ಮಾತಾಡುವುದು ಅವರಿಗೆ ಆಗುತ್ತಿರಲಿಲ್ಲ ಅಂತ ಮಾತ್ರ ಹೇಳಿ, ರಿಪೇರಿಗೆ ಕೊಡುವಾಗ ತೆಗೆದಿಟ್ಟುಕೊಂಡಿದ್ದ ಸಿಮ್ಮನ್ನು ಚೀಲದಿಂದ ತೆಗೆದು ಫೋನಿಗೆ ಹಾಕಿ, ತನ್ನ ಪಾಸ್‌ವರ್ಡ್ ಒತ್ತಿದಳು. ಐದು ದಿನ ನನ್ನನ್ನು ಸತಾಯಿಸಿದ ಫೋನು ಅವಳ ಬೆರಳಿಗೆ ಕ್ಷಣದಲ್ಲಿ ತೆರೆದುಕೊಂಡಿತು.

ಈಗ ಒಂದು ಮಾತು ಕೇಳಿದ್ದರೆ ಸಾಕಿತ್ತು. ನಿನ್ನ ಖಾತೆ ತೆಗೆದು ಕೊಡಮ್ಮ, ನಾನು ದುಡ್ಡು ಕೊಟ್ಟು ಕೊಂಡಿದ್ದೇನೆ ಅಂದಿದ್ದರೆ ಅವಳು ಕೊಟ್ಟುಬಿಡುತ್ತಿದ್ದಳು, ಕೊಟ್ಟೇ ಅಭ್ಯಾಸವಾದ ಮುಖ ಅದು. ನಾಳೆ ಹನ್ನೆರಡು ಗಂಟೆ ಕಣ್ಣ ಮುಂದೆ ಬಂತು, ಮಾತು ನಾಲಿಗೆಯ ತುದಿಗೂ ಬಂತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಇಟ್ಕೊಳ್ಳಿ," ಅಂದೆ, ಜಗಳಕ್ಕೆ ನಿಂತವಳ ಹಾಗೆ. "ನಿಮ್ಮದು ನಿಮ್ಮ ಹತ್ರಾನೇ ಇರಲಿ."

ಮತ್ತೆ ನೀವೇನು ಮಾಡುತ್ತೀರಿ ಅಂತ ಅವಳು ಕೇಳಿದಳು. ಜಾಗದ ಕಥೆ, ಶನಿವಾರದ ಕಥೆ ಎಲ್ಲ ಹೇಳಬೇಕಾಯಿತು. ಅವಳು ಕೇಳುತ್ತಾ ಕೇಳುತ್ತಾ ನನ್ನ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಬೀಗ ಒಂದನ್ನೇ ನೋಡಿ ಅದರ ಕೈ ಮಾಡಲು ಆಗುತ್ತದೆಯೇ ಅಂತ ಕೇಳಿದಳು. ಆಗುತ್ತದೆ ಅಂದೆ.

"ಅವರನ್ನ ಕೇಳಬೇಕಾ?"

ಮನೆ ಯಾರದು ಅಂತ ಕೇಳಿದೆ. ಬಾಡಿಗೆಯದು, ಕರಾರಿನಲ್ಲಿ ಇಬ್ಬರ ಸಹಿಯೂ ಇದೆ ಅಂದಳು.

"ಹಾಗಿದ್ರೆ ಎದ್ದು ನಿಂತ್ಕೊಳ್ಳಿ. ಬೀಗದ ಮುಂದೆ ಒಡತಿ ನಿಂತಿರಬೇಕು, ನಮ್ಮ ಕಟ್ಟಳೆ ಅಷ್ಟೇ."

ಅವಳು ಸೆರಗಿನ ಧೂಳು ಕೊಡವಿದ ಹಾಗೆ ಸಮವಸ್ತ್ರದ ಹಿಂಬದಿ ಕೊಡವಿಕೊಂಡು ಎದ್ದಳು, ಬಾಗಿಲಿಗೆ ಮುಖ ಮಾಡಿ ನಿಂತಳು.

ಹಲ್ಲು ಕಡಿಯದ ಕೈಗೆ ನಾವು ಖಾಲಿ ಕೈ ಅನ್ನುತ್ತೇವೆ. ಅದನ್ನು ಬೀಗಕ್ಕೆ ತೂರಿಸಿ ತಿರುಗಿಸಿದರೆ ಎಲ್ಲಿ ತಡೆಯುತ್ತದೋ ಅಲ್ಲಿ ಸಣ್ಣ ಗುರುತು ಬೀಳುತ್ತದೆ. ಅಲ್ಲಿ ಉಜ್ಜಬೇಕು, ಮತ್ತೆ ತೂರಿಸಬೇಕು, ಮತ್ತೆ ಉಜ್ಜಬೇಕು. ಅವಸರ ಮಾಡಿದರೆ ಕೆಡುತ್ತದೆ. ಮುಕ್ಕಾಲು ಗಂಟೆ ಹಿಡಿಯಿತು, ಅಷ್ಟು ಹೊತ್ತೂ ಅವಳು ಕೂರಲಿಲ್ಲ. ಕೈ ಸಿದ್ಧವಾದಾಗ ನಾನು ತಿರುಗಿಸಲಿಲ್ಲ, ಅವಳಿಗೆ ಕೊಟ್ಟೆ. ಬೀಗ ಟಕ್ಕೆಂದು ಬಿಟ್ಟುಕೊಂಡಿತು. ಅವಳು ಒಳಗೆ ಹೋಗಿ ದೀಪ ಹಾಕಿದಳು, ಒಂದೊಂದಾಗಿ ಕಿಟಕಿಗಳನ್ನೂ ತೆಗೆದಳು.

ನಾನು ಅರಗಳನ್ನು ಬಟ್ಟೆಯಲ್ಲಿ ಸುತ್ತುತ್ತಿರುವಾಗ ಗಂಡ ಮೆಟ್ಟಿಲೇರಿ ಬಂದ. ಜೇಬಿಗೆ ಕೈ ಹಾಕಿ ಬೀಗದ ಕೈ ತೆಗೆದ. ಅದನ್ನು ಮುಂದೆ ಚಾಚಿಕೊಂಡೇ ತೆರೆದ ಬಾಗಿಲ ಮುಂದೆ ನಿಂತುಬಿಟ್ಟ.

"ಬನ್ನಿ, ಬಾಗಿಲು ತೆಗೆದೇ ಇದೆ," ಅಂದಳು ಅವಳು ಒಳಗಿನಿಂದ.

ಯಾರಿವರು ಅಂತ ಅವನು ನನ್ನ ಕಡೆ ನೋಡಿ ಕೇಳಿದ. ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಫೋನು ಅವನ ಕಣ್ಣಿಗೆ ಬಿತ್ತು. ಅವಳು ಜೆರಾಕ್ಸನ್ನು ಮೇಜಿನ ಮೇಲೆ ನೀಟಾಗಿ ಹರಡಿ ಇಟ್ಟಳು.

"ಇದೂ ಬಸ್ಸಲ್ಲೇ ಸಿಕ್ತು," ಅಂದಳು.

ಅವನ ಮುಖ ಸಪ್ಪೆಯಾದದ್ದನ್ನು ನಾನು ಕಣ್ಣಾರೆ ಕಂಡೆ. ಅಲ್ಲೇ ನಿಲ್ಲಲೋ ಬೇಡವೋ ಅಂತ ಹಿಂದೆಮುಂದೆ ನೋಡಿದೆ. ನೀವು ಹೋಗಿ ಅಕ್ಕಾ, ನಮ್ಮ ಅಕ್ಕ ಫೋನಲ್ಲೇ ಇದ್ದಾಳೆ, ಎಲ್ಲ ಕೇಳಿಸಿಕೊಳ್ಳುತ್ತಿದ್ದಾಳೆ, ನಾಳೆ ನಿಮ್ಮ ಜಾಗಕ್ಕೆ ಬರುತ್ತೇನೆ ಅಂದಳು. ಇಳಿದು ಬಂದೆ.

ಶನಿವಾರ ಹತ್ತೂವರೆಯಾದರೂ ಅವಳ ಸುಳಿವಿಲ್ಲ. ತಂಗಿ ಕಂಬಕ್ಕೆ ಒರಗಿ, ಕೈಗೆ ಬಂದದ್ದನ್ನು ಕೊಟ್ಟು ಬಂದೆಯಲ್ಲ ಅಂತ ಗೊಣಗುತ್ತಲೇ ಇದ್ದಳು. ಹನ್ನೊಂದಾಯಿತು. ಅವಳಿಗೇನಾಯಿತೋ ಅನ್ನುವ ಚಿಂತೆ ಜಾಗದ ಚಿಂತೆಗಿಂತ ದೊಡ್ಡದಾಯಿತು. ಹನ್ನೊಂದೂ ಕಾಲಿಗೆ ನೀಲಿ ಸಮವಸ್ತ್ರ ಕಂಡಿತು. ಅರ್ಧ ದಿನ ರಜೆ ಕೇಳಿ ಬಂದಿದ್ದಳಂತೆ. ಕುತ್ತಿಗೆಯ ಪಟ್ಟಿಯಲ್ಲಿ ಗುರುತಿನ ಚೀಟಿಯ ಪಕ್ಕ ಹೊಸ ಹಿತ್ತಾಳೆ ಕೈ ತೂಗುತ್ತಿತ್ತು. ಮನೆಯಲ್ಲಿ ಹೇಗೆ ಅಂತ ಕೇಳಿದೆ.

"ಅವರು ಮಾತು ಬಿಟ್ಟಿದ್ದಾರೆ. ಪರವಾಗಿಲ್ಲ, ಅಕ್ಕ ಮಾತಾಡ್ತಾಳೆ."

ಅವಳು ನನ್ನ ಹೆಸರು ಕೇಳಿ ಒತ್ತಿದಳು, ಕಸುಬು ಕೇಳಿದಳು. ಕಚೇರಿಯವರ ಪಟ್ಟಿಯಲ್ಲಿ ಹಣ್ಣು, ಹೂವು, ಬಟ್ಟೆ, ಚಪ್ಪಲಿ ಎಲ್ಲ ಇತ್ತು, ಬೀಗದ ಕೈ ಇರಲಿಲ್ಲ. ಇತರೆ ಅಂತ ಒತ್ತಿ, ಪಕ್ಕದಲ್ಲಿ ಅವಳೇ ಅಕ್ಷರ ಕೂಡಿಸಿ ಬರೆದಳು. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಹೋಗಿ ಫೋನು ಎತ್ತಿ ಹಿಡಿದಳು. ನಾನು ಸ್ಟೂಲಿನ ಮೇಲೆ ನೆಟ್ಟಗೆ ಕೂತು ಕೂದಲು ಸರಿಮಾಡಿಕೊಂಡೆ.

ಅವಳು ಫೋನಿನಿಂದ ತಲೆಯೆತ್ತಿ ನಕ್ಕಳು.

"ಕೂತಿದ್ರೆ ಆಗಲ್ಲ ಅಕ್ಕಾ. ಜಾಗದ ಮುಂದೆ ಒಡೆಯರು ನಿಂತಿರಬೇಕಂತೆ."

ನಾನು ಅರ ಕೆಳಗಿಟ್ಟೆ, ಸ್ಟೂಲನ್ನು ಹಿಂದಕ್ಕೆ ತಳ್ಳಿದೆ, ಎದ್ದು ನಿಂತೆ.