ಮೂರನೇ ಕೂಗು

"ಹೂಂ, ರುಕ್ಮಿಣಿಬಾಯಿನೇ ಮಾತಾಡಾಕತ್ತೀನಿ. ಗುಳಿಗಿ ತಗೊಂಡೀನಿ."

ರೆಕಾರ್ಡಿಂಗ್ ಇನ್ನೂ ಮುಗಿದಿರಲಿಲ್ಲ, ಶಿವಕುಮಾರಿ ಹೆಡ್‌ಫೋನನ್ನು ಕಿವಿಯಿಂದ ಕಿತ್ತು ಮೇಜಿನ ಮೇಲಿಟ್ಟಳು. ಅವಳ ತಾಯಿ ರುಕ್ಮಿಣಿಬಾಯಿ ತೀರಿಕೊಂಡು ಎಂಟು ತಿಂಗಳಾಗಿತ್ತು. ದನಿ ಅವ್ವನದಲ್ಲ, ಯಾರೋ ಮುದುಕಿಯದು. ಆದರೂ ವಿಲೆ ಪಾರ್ಲೆಯ ಆ ಆಫೀಸಿನ ಎ.ಸಿ. ಗಾಳಿ ಬೆನ್ನೊಳಗೆ ಇಳಿದ ಹಾಗಾಯಿತು.

"ಇದೊಂದೇ ಅಲ್ಲ ಶಿವಾ," ಪಕ್ಕದಲ್ಲಿ ನಿಂತಿದ್ದ ಸೋನಾಲಿ ಎಂದಳು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಈ ಮೇಲಧಿಕಾರಿಗೆ ಕನ್ನಡ ಯಾವಾಗಲೂ ಅರ್ಧ ದಾರಿಯಲ್ಲಿ ಕೈಕೊಡುತ್ತದೆ. "ಎರಡುನೂರಾ ಹದಿನಾಲ್ಕು ಮಂದಿ. ಸಬ್ ಕೇ ಸಬ್ ರುಕ್ಮಿಣಿಬಾಯಿ! ಗಂಡಸರು ಭೀ ಅದಾರ. ಕೈಸೇ?"

ಹೇಗೆಂಬುದು ಶಿವಕುಮಾರಿಗೆ ಆಗಲೇ ಹೊಳೆದಿತ್ತು.

ವಯಸ್ಸಾದ ರೋಗಿಗಳಿಗೆ ಬಿ.ಪಿ. ಗುಳಿಗೆಯ ನೆನಪು ಮಾಡಿಕೊಡುವ ಸಂಸ್ಥೆ ಅದು. ನಾಲ್ಕು ಲಕ್ಷ ಜನರ ಪಟ್ಟಿ ಕ್ಲೌಡ್‌ನಲ್ಲಿ, ಅಂದರೆ ಆಫೀಸಿನ ಯಾರೂ ಕಣ್ಣಾರೆ ಕಂಡಿರದ ಯಾವುದೋ ಊರಿನ ಯಂತ್ರಗಳಲ್ಲಿ ಕೂತಿರುತ್ತದೆ. ದಿನಾ ಬೆಳಿಗ್ಗೆ ಅದು ಸಾವಿರ ಸಾವಿರ ಸಾಲುಗಳ ಬ್ಯಾಚ್ ಆಗಿ ಶಿವಕುಮಾರಿ ಬರೆದ ಫಂಕ್ಷನ್ ಎಂಬ ಪುಟ್ಟ ಪ್ರೋಗ್ರಾಮಿನೊಳಗೆ ಹಾದುಹೋಗಬೇಕು. ಫಂಕ್ಷನ್ ಪ್ರತಿ ಸಾಲಿನಿಂದ ಹೆಸರು, ಗುಳಿಗೆ, ಭಾಷೆ ಎತ್ತಿಕೊಂಡು ಮಾತು ಕಟ್ಟಿಕೊಡುತ್ತದೆ. ಆ ಮಾತನ್ನು ಯಂತ್ರ ಫೋನಿನಲ್ಲಿ ಆಡುತ್ತದೆ, ಉತ್ತರವನ್ನು ಹಿಡಿದಿಡುತ್ತದೆ.

ಹೆಸರನ್ನು ಮೂರು ಸಲ ಕರೆಯಬೇಕು ಎಂದು ಅದರಲ್ಲಿ ಬರೆದವಳೂ ಅವಳೇ. ಕಲಬುರ್ಗಿ ಕಡೆಯಿಂದ ಬಂದ ಅವ್ವ, ನಲವತ್ತು ವರ್ಷ ಜೋಗೇಶ್ವರಿಯ ಚಾಳಿನಲ್ಲಿ ಬಾಳಿದರೂ ಒಂದೇ ಕೂಗಿಗೆ ಓ ಎಂದವಳಲ್ಲ. "ಒಂದ ಸಲ ಕರದು ಸುಮ್ಮಾಗೂದು ದೆವ್ವ, ಮನಷ್ಯಾರಲ್ಲ. ಮೂರ್ನೇದಕ್ಕ ಓ ಅನ್ನಬೇಕು," ಎಂದು ಮಗಳಿಗೂ ಕಲಿಸಿದ್ದಳು. ಫಂಕ್ಷನ್ ಪರೀಕ್ಷಿಸಲು ಶಿವಕುಮಾರಿ ಅವ್ವನ ಫೋನಿಗೇ ಕರೆ ಹಚ್ಚುತ್ತಿದ್ದಳು. ಅದಕ್ಕೆಂದು ಫಂಕ್ಷನ್ನಿನಲ್ಲಿ ಒಂದು ಸಾಲು ಸೇರಿಸಿದ್ದಳು: ಹೆಸರಿನ ಜಾಗ ಖಾಲಿಯಿದ್ದರೆ ರುಕ್ಮಿಣಿಬಾಯಿ ಎಂದು ಕರೆ.

ಅಳಿಸಲು ಮರೆತಳು ಎಂದರೆ ಸುಳ್ಳು. ಅವ್ವ ಹೋದ ಮೇಲೆ ಎರಡು ಸಲ ಆ ಸಾಲಿಗೆ ಬಂದು, ಬೆರಳೆತ್ತಿ, ವಾಪಸು ಹೋಗಿದ್ದಳು. ಪಟ್ಟಿಯಲ್ಲಿ ಹೆಸರಿಲ್ಲದ ರೋಗಿ ಎಂದೂ ಬಾರದ್ದರಿಂದ ತೊಂದರೆಯೂ ಇರಲಿಲ್ಲ. ಹೋದ ತಿಂಗಳು ಬೈಕುಲ್ಲಾದ ದವಾಖಾನೆಯೊಂದರ ಪಟ್ಟಿ ಹೆಸರುಗಳನ್ನೇ ಕಳೆದುಕೊಂಡು ಬಂತು.

"ಮೊದಲ ದಿನ ಒಂಬತ್ತು ಮಂದಿ ಜವಾಬು ಕೊಟ್ಟಿದ್ದರು, ಆಜ್ ಎಲ್ಲರೂ," ಸೋನಾಲಿ ಪರದೆ ತೋರಿಸಿದಳು. "ಅದೂ ಮೂರನೇ ಸಲ ಕರೆದ ಮೇಲೇ. ನನಗ ಹೆದರಿಕೆ, ಡರ್ ಲಗ್ತಾ ಹೈ. ಆ ಹೆಸರು ಇವತ್ತೇ ತೆಗೆದುಬಿಡು. ಹೆಸರು ಸಿಗೋತನಕಾ ಅವರಿಗೆ ಕಾಲ್ ಬಂದ್."

ಶಿವಕುಮಾರಿ ತೆಗೆಯಲಿಲ್ಲ. ರೆಕಾರ್ಡಿಂಗಿನ ಮುದುಕಿಯ ವಿಳಾಸವನ್ನು ಪಟ್ಟಿಯಿಂದ ಬರೆದುಕೊಂಡು ಮಧ್ಯಾಹ್ನದ ಲೋಕಲ್ ಹಿಡಿದು, ದಾದರಿನಲ್ಲಿ ಗಾಡಿ ಬದಲಿಸಿ ಬೈಕುಲ್ಲಾಕ್ಕೆ ಹೋದಳು.

ಮಾರ್ಕೆಟ್ಟಿನ ಹಿಂದಿನ ಕೋಣೆಯೊಂದರಲ್ಲಿ ಮುದುಕಿ ಒಬ್ಬಳೇ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಫೋನು ಕಾಲ ಬಳಿಯೇ ಇತ್ತು.

"ರುಕ್ಮಿಣಿಬಾಯಿ ಅಂದ್ರ ನೀವೇನ್ರಿ?"

"ಅಲ್ಲ ಬೇಟಿ, ನಾ ಬೀಬೀಜಾನ. ವಿಜಾಪುರದಾಕಿ." ಮುದುಕಿ ನಕ್ಕಳು. "ಮೊದಲ ರಾಂಗ್ ನಂಬರ್ ಅಂತ ಇಟ್ಟಬಿಡ್ತಿದ್ದೆ. ಆಮ್ಯಾಲ ಅನ್ನಿಸ್ತು, ಪಾಪ, ದಿನಾ ಮೂರ ಮೂರ ಸಲ ಕರೀತಾಳ, ಯಾರೂ ಓ ಅನ್ನದಿದ್ರ ಹ್ಯಾಂಗ? ನನಗೂ ಹೆಸರ ಹಿಡದು ಕರಿಯೋರು ಯಾರದಾರ!"

ಶಿವಕುಮಾರಿ ಬೀಬೀಜಾನ ಎಂಬ ಹೆಸರನ್ನು ವಿಳಾಸದ ಪಕ್ಕ ಬರೆದುಕೊಂಡಳು. ತಪ್ಪು ತನ್ನದೆಂದೂ ನಾಳೆಯಿಂದ ಸರಿಯಾದ ಹೆಸರಿನಿಂದ ಕರೆ ಬರುತ್ತದೆಂದೂ ಹೇಳಿ ಎದ್ದಳು. ಚಪ್ಪಲಿ ಮೆಟ್ಟುತ್ತಿದ್ದವಳನ್ನು ಮುದುಕಿ ಕೇಳಿದಳು:

"ಶಿವಕುಮಾರಿ ಅಂದ್ರ ಯಾರು?"

"ಯಾಕ್ರಿ?" ಅವಳು ತನ್ನ ಹೆಸರು ಹೇಳಿರಲೇ ಇಲ್ಲ.

"ನಾ ಗುಳಿಗಿ ತಗೊಂಡೀನಿ ಅಂದಮ್ಯಾಲ ದೂರದಾಗ ಯಾರೋ ಕರದಂಗ ಕೇಳಸ್ತದ. ಒಂದ ಸಲ ಅಷ್ಟ."

ವಾಪಸು ಬರುವಾಗ ಲೋಕಲಿನ ಗದ್ದಲದಲ್ಲೂ ಅವಳಿಗೆ ಕೇಳಿಸಿದ್ದು ಎಂಟು ತಿಂಗಳ ಹಿಂದಿನ ಸಂಜೆ. ಬಾಗಿಲ ಬಳಿ ಕೂತು ಲ್ಯಾಪ್‌ಟಾಪಿನಲ್ಲಿ ಇದೇ ಫಂಕ್ಷನ್ ನೋಡುತ್ತಿದ್ದಳು. ಒಳಗಿನಿಂದ ಅವ್ವ ಒಮ್ಮೆ ಕರೆದಳು. ಅವ್ವನೇ ಕಲಿಸಿದ ಪಾಠ, ಮೇಲೆ ಕೈತುಂಬ ಕೆಲಸ. ಇನ್ನೆರಡು ಕೂಗು ಬರಲಿ ಎಂದು ಕೂತೇ ಇದ್ದಳು. ಬರಲಿಲ್ಲ. ಎದ್ದು ಹೋದಾಗ ಅವ್ವನ ಕೈಯಲ್ಲಿ ಗುಳಿಗೆ ಹಾಗೇ ಇತ್ತು.

ಆಫೀಸಿಗೆ ಬಂದವಳು ಮೊದಲು ಫಂಕ್ಷನ್ನನ್ನು ತಲೆಯಿಂದ ಕಾಲಿನವರೆಗೆ ಓದಿದಳು. ಅವಳ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಪಟ್ಟಿಯಲ್ಲಿ ಮುದುಕಿಯ ಹೆಸರಿನ ಖಾಲಿ ಜಾಗಕ್ಕೆ ಬೀಬೀಜಾನ ಎಂದು ತುಂಬಿದಳು. ಆಮೇಲೆ ಹೆಡ್‌ಫೋನ್ ಹಾಕಿಕೊಂಡು, ಬೆಳಿಗ್ಗೆ ಅರ್ಧಕ್ಕೆ ಬಿಟ್ಟ ರೆಕಾರ್ಡಿಂಗನ್ನು ಕೊನೆಯವರೆಗೂ ಕೇಳಿದಳು.

"ಗುಳಿಗಿ ತಗೊಂಡೀನಿ." ಫ್ಯಾನಿನ ಸದ್ದು. ತಟ್ಟೆ ಸರಿದ ಸದ್ದು. ಆಮೇಲೆ ಬಹಳ ಹಿಂದಿನಿಂದ, ಒಳಕೋಣೆಯಿಂದ ಬಂದ ಹಾಗೆ:

"ಶಿವಕುಮಾರೀ..."

ಒಂದೇ ಸಲ.

"ಓ," ಎಂದಳು ಶಿವಕುಮಾರಿ, ಇಡೀ ಆಫೀಸಿಗೆ ಕೇಳುವಷ್ಟು ಗಟ್ಟಿಯಾಗಿ. "ಓ ಅವ್ವಾ, ಬಂದೆ."

ಸೋನಾಲಿ ತಿರುಗಿ ನೋಡಿದಳು. ರೆಕಾರ್ಡಿಂಗ್ ಮುಗಿದಿತ್ತು. ಶಿವಕುಮಾರಿ ಫಂಕ್ಷನ್ನಿನಲ್ಲಿ ರುಕ್ಮಿಣಿಬಾಯಿ ಎಂದಿದ್ದ ಆ ಸಾಲಿಗೆ ಹೋಗಿ ಒಂದೊಂದೇ ಅಕ್ಷರ ಅಳಿಸಿದಳು. ಕೆಳಗಿನ ಸಾಲನ್ನು ಮೇಲೆ ಸರಿಸಲಿಲ್ಲ, ಜಾಗವನ್ನು ಹಾಗೇ ಖಾಲಿ ಬಿಟ್ಟಳು.