ಕಣ್ಣಿನ ಗೆರೆ

"ಎಲ್ಲಿ ಕುಂತು ತಗದೀಪಾ ಈ ಮನಿ?" ಮಡಿವಾಳಯ್ಯ ಮಾಸ್ತರರು ಸ್ಕೇಲನ್ನು ಹಾಳೆಯ ಮೇಲಿಂದ ಎತ್ತದೆಯೇ ಕೇಳಿದರು.

"ಮನಿ ಎದುರಿಗೇ ರೀ, ಬೇವಿನ ಗಿಡದ ಬುಡಕ. ಸ್ಟೂಲ್ ಹಾಕ್ಕೊಂಡು ಕುಂತಿದ್ದೆ," ಎಂದ ಪೀರಪ್ಪ.

ರಾವೂರಿನ ಶಾಲೆಯಲ್ಲಿ ಪಾಠ ಹೇಳುವ ಪೀರಪ್ಪನಿಗೆ ಮೈಸೂರು ಸರ್ಕಾರದ ಡ್ರಾಯಿಂಗ್ ಪರೀಕ್ಷೆ ಹತ್ತಿರ ಬಂದಿತ್ತು. ಹೂವು, ಹಣ್ಣು ಹೇಗೋ ಬರೆದಾನು, ಕಟ್ಟಡವೆಂದರೆ ಕೈಕಾಲು ತಣ್ಣಗಾಗುತ್ತಿದ್ದವು. ಅದಕ್ಕೇ ಪ್ರತಿ ಭಾನುವಾರ ಶಹಾಬಾದಿಗೆ ಬಂದು ನಿವೃತ್ತ ಮಾಸ್ತರರ ಮುಂದೆ ಹಾಳೆ ಬಿಚ್ಚುತ್ತಿದ್ದ. ಬೈಯುವುದರಲ್ಲಿ ಅವರು ಧಾರಾಳಿ. ಇವತ್ತು ಮಾತ್ರ ಬೈಯಲಿಲ್ಲ.

ಮಾಳಿಗೆಯ ಅಂಚಿನ ಗೆರೆಯನ್ನೂ ಕಟ್ಟೆಯ ಗೆರೆಯನ್ನೂ ಸ್ಕೇಲಿಟ್ಟು ಮುಂದಕ್ಕೆ ಎಳೆದರು. ಎರಡು ಗೆರೆಗಳೂ ಮನೆಯ ಬುಡಕ್ಕಿಂತ ಎಷ್ಟೋ ಕೆಳಗೆ ಒಂದು ಚುಕ್ಕೆಯಲ್ಲಿ ಹೋಗಿ ಕೂಡಿದವು.

"ಗೆರಿ ಕೂಡೋ ಚುಕ್ಕಿ ನೋಡಾವನ ಕಣ್ಣಿನ ಮಟ್ಟಕ್ಕ ಇರ್ತದ, ಮೊದಲ್ನೇ ದಿನಾನೇ ಹೇಳೀನಿ. ಇಲ್ಲಿ ನೋಡು, ಮಾಳಗಿ ಅಂಚಿನ ತಳಾ ಕಾಣ್ತದ, ಕಟ್ಟಿ ಮ್ಯಾಲಿನ ಪರಸಿ ಕಲ್ಲು ಒಂದೂ ಕಾಣವಲ್ದು. ಇದನ್ನ ನೋಡಿದಾವನ ಕಣ್ಣು ನೆಲದಾಗ ಅದ. ಎರಡಾಳು ಕೆಳಗ."

"ತಪ್ಪಾಗ್ಯಾದ್ರಿ."

"ತಪ್ಪಿದ್ರ ಗೆರಿ ದಿಕ್ಕಾಪಾಲಾಗಿ ಹೋಗ್ತಿದ್ವು. ಇವೆಲ್ಲಾ ಒಂದೇ ಕಡಿ ಕೂಡ್ಯಾವ. ಮನಿ ಮುಂದ ಏನದ?"

"ಬೇವಿನ ಗಿಡದ ಬಾಜೂಕ ಹಳೀ ಕಲ್ಲಿನ ಖಣಿ ಅದರಿ. ನೀರು ನಿಂತದ."

ಹೇಳಿದವನೇ ಪೀರಪ್ಪ ಹಾಳೆ ಸುತ್ತಿಕೊಂಡು ಎದ್ದ. ಎರಡು ವರ್ಷದ ಹಿಂದೆ ಅಣ್ಣ ಅಮೃತಪ್ಪ ಉಣ್ಣುವ ತಾಟಿನ ಮುಂದಿನಿಂದ ಸಿಟ್ಟಿನಲ್ಲಿ ಎದ್ದು ಹೋದವನು ತಿರುಗಿ ಬಂದಿರಲಿಲ್ಲ. ತಾಯಿ ಭೀಮಮ್ಮ ಅನ್ನ ನೀರು ಬಿಟ್ಟು ಮಲಗಿದಾಗ, ಅಣ್ಣ ವಾಡಿಯಲ್ಲಿ ಬೊಂಬಾಯಿ ಗಾಡಿ ಹತ್ತಿದ್ದನ್ನು ಕಣ್ಣಾರೆ ನೋಡಿದೆ ಎಂದು ಪೀರಪ್ಪ ಹೇಳಿಬಿಟ್ಟಿದ್ದ. ನೋಡಿರಲಿಲ್ಲ. ಆ ಮಾತಿಗೆ ತಾಯಿ ಎದ್ದು ಕೂತು ಉಂಡಳು. ಊರವರು ಹುಡುಕುವುದನ್ನು ನಿಲ್ಲಿಸಿದರು; ಖಣಿಯ ನೀರಿಗೆ ಯಾರೂ ಇಳಿಯಲಿಲ್ಲ.

ಊರಿಗೆ ಬಂದವನೇ ಉರಿಬಿಸಿಲಲ್ಲಿ ಅದೇ ಜಾಗದಲ್ಲಿ ಸ್ಟೂಲು ಹಾಕಿದ. ಈ ಸಲ ಕಣ್ಣಿನ ಗೆರೆಯನ್ನು ಮೊದಲೇ, ಬಾಗಿಲಿನ ನಡುಮಟ್ಟಕ್ಕೆ ಎಳೆದುಕೊಂಡ. ಅದರ ಮೇಲೆ ಚುಕ್ಕೆ ಇಟ್ಟ. ಒಂದೊಂದು ಗೆರೆಯನ್ನೂ ಆ ಚುಕ್ಕೆಗೇ ಮುಟ್ಟಿಸಿದ. ಮುಗಿಸಿ ಹಾಳೆಯನ್ನು ದೂರ ಹಿಡಿದು ನೋಡಿದರೆ, ಚುಕ್ಕೆ ಒಂಟಿಯಾಗಿ ಅಲ್ಲೇ ಇತ್ತು. ಗೆರೆಗಳೆಲ್ಲ ಅದನ್ನು ಬಿಟ್ಟು ಕೆಳಗಿಳಿದಿದ್ದವು.

"ಇದೇನೋ, ತೆಗ್ಗಿನ್ಯಾಗಿಂದ ತಲಿ ಎತ್ತಿ ನೋಡಿದಂಗ ಅದಲ್ಲ ನಮ್ಮ ಮನಿ?" ಹಿಂದೆ ಭೀಮಮ್ಮ ನಿಂತಿದ್ದಳು. "ಯಾರು ನೋಡಾಕತ್ತಾರ ಹಿಂಗ?"

ಪೀರಪ್ಪ ರಬ್ಬರು ಕೈಗೆ ತೆಗೆದುಕೊಂಡ. ಅಳಿಸುವ ಧೈರ್ಯ ಬರಲಿಲ್ಲ.

"ಅವ್ವಾ, ಅಣ್ಣ ಗಾಡಿ ಹತ್ತಿದ್ದು ನಾ ನೋಡಿಲ್ಲ. ಸುಳ್ಳ ಹೇಳಿದ್ದೆ."

ಭೀಮಮ್ಮ ಅವನ ಕೈಯಿಂದ ಹಾಳೆ ತೆಗೆದುಕೊಂಡು ಖಣಿಯ ಅಂಚಿಗೆ ನಡೆದಳು. ಪೀರಪ್ಪ ಹಿಂದೆಯೇ ಓಡಿ ಅವಳ ಸೆರಗು ಹಿಡಿದುಕೊಂಡ. ಅವಳು ಬಗ್ಗಿ, ಚಿತ್ರವನ್ನು ನೀರಿನ ಕಡೆಗೆ ತಿರುಗಿಸಿ ಹಿಡಿದಳು.

"ಅಮೃತಾ," ಎಂದಳು ಮೆಲ್ಲಗೆ, "ಹಿಂಗ ಕಾಣ್ತದೇನಪಾ ನಿನಗ ಮನಿ?"