ಎರಡನೆಯ ಥಿರ್ಜಾ

‘ಟಿಣ್’ ಎಂದು ಒಂದೇ ಒಂದು ಸಲ ಸದ್ದಾಯಿತು. ಅಡುಗೆಮನೆಯ ಮೇಜಿನ ಮೇಲೆ ತೆರೆದೇ ಬಿಟ್ಟಿದ್ದ ಲ್ಯಾಪ್‌ಟಾಪಿನದು. ರಾತ್ರಿ ಹನ್ನೆರಡೂವರೆ. ನನ್ನದು ಮೊದಲೇ ಕೋಳಿನಿದ್ದೆ. ಕೆಳಗಿಳಿದು ಬಂದು ನಿಂತೇ ಓದಿದೆ. ಎರಡನೆಯ ಸಲ ಓದುವಾಗ ಕುರ್ಚಿ ಬೇಕಾಯಿತು.

ಬರೆದವಳು ದಕ್ಷಿಣ ಆಸ್ಟ್ರೇಲಿಯಾದ ನೊರೀನ್ ಎಂಬವಳು. ಡಿಎನ್‌ಎ ಪರೀಕ್ಷೆಯ ಜಾಲತಾಣದಲ್ಲಿ ಅವಳಿಗೂ ನನ್ನ ಸೋದರತ್ತೆಗೂ ಹತ್ತಿರದ ರಕ್ತಸಂಬಂಧ ಎಂದು ಬಂದಿತ್ತು. ಅಲ್ಲಿ ಅತ್ತೆಯ ಖಾತೆ ನೋಡಿಕೊಳ್ಳುವವಳು ನಾನು.

“ನನ್ನ ತಾಯಿ ಥಿರ್ಜಾ ಗೊನಿನನ್, ೧೯೨೯ರಲ್ಲಿ ನಿಮ್ಮ ಕಾರ್ನ್‌ವಾಲಿನಲ್ಲಿ ಹುಟ್ಟಿದವರು. ಎರಡು ವರ್ಷಕ್ಕೆ ಅನಾಥಾಲಯ, ಒಂಬತ್ತು ವರ್ಷಕ್ಕೆ ಈ ಕಡೆಯ ಹಡಗು. ಈಗ ತೊಂಬತ್ಮೂರು. ಶ್ವಾಸಕೋಶದಲ್ಲಿ ನೀರು ತುಂಬಿದೆ, ದಿನಗಳನ್ನು ಎಣಿಸುವುದಷ್ಟೇ ಎಂದಿದ್ದಾರೆ ಡಾಕ್ಟರು. ತನ್ನ ಕಡೆಯವರು ಯಾರಾದರೂ ಸಿಕ್ಕರೆ ಒಂದು ಪ್ರಶ್ನೆ ಕೇಳಬೇಕಂತೆ. ಹನ್ನೆರಡು ವರ್ಷದ ಹಿಂದೆ, ವಂಶದ ಮೂಲ ಹುಡುಕುವವರ ಜಾಲತಾಣವೊಂದರಲ್ಲಿ ವಿಚಾರಿಸಿದ್ದೆ. ‘ಆ ಥಿರ್ಜಾ ಮಗುವಾಗಿದ್ದಾಗಲೇ ತೀರಿಕೊಂಡಳು, ನಿಮ್ಮವರು ಬೇರೆ ಯಾರೋ’ ಎಂದು ಒಬ್ಬರು ಖಚಿತವಾಗಿ ಬರೆದರು. ಅಲ್ಲಿಗೆ ಹುಡುಕುವುದನ್ನು ಬಿಟ್ಟುಬಿಟ್ಟೆ.”

ಆ ಒಬ್ಬರು ನಾನೇ. ಅಲ್ಲಿ ನನ್ನ ನಿಜವಾದ ಹೆಸರಿರಲಿಲ್ಲ, ಒಂದು ಅಡ್ಡಹೆಸರಿತ್ತು ಅಷ್ಟೆ.

ನಮ್ಮ ಕಡೆ ಸತ್ತ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಡುತ್ತಿದ್ದರು. ಚಾಪೆಲ್ ಎಂದು ಕರೆಯುವ ನಮ್ಮ ಪುಟ್ಟ ಚರ್ಚಿನ ಹಳೆಯ ದಾಖಲೆಗಳಲ್ಲಿ ಒಂದೇ ತಾಯಿಗೆ ಮೂವರು ವಿಲಿಯಮರು ಸಿಗುವುದುಂಟು. ಇಬ್ಬರು ಮಣ್ಣಿನಲ್ಲಿ, ಒಬ್ಬ ಗಣಿಯಲ್ಲಿ. ಹಾಗಾಗಿ ವಂಶ ಹುಡುಕುವ ನಾವೆಲ್ಲ ಒಂದು ಲೆಕ್ಕ ಇಟ್ಟುಕೊಂಡಿದ್ದೇವೆ: ಒಂದು ಹೆಸರು ಎರಡು ಸಲ ಬಂದರೆ ಮೊದಲನೆಯದು ಬದುಕಿಲ್ಲ. ನನ್ನ ಅಜ್ಜಿ ಮದುವೆಗೆ ಮೊದಲು ಹೆತ್ತ ಥಿರ್ಜಾ, ಮದುವೆಯಾದ ಮೇಲೆ ೧೯೩೨ರಲ್ಲಿ ಹೆತ್ತ ಥಿರ್ಜಾ. ಮೊದಲನೆಯವಳ ಸಮಾಧಿಯ ದಾಖಲೆ ನನಗೆ ಎಲ್ಲೂ ಸಿಕ್ಕಿರಲಿಲ್ಲ. ಆದರೂ ಅವಳ ಹೆಸರಿನ ಪಕ್ಕದಲ್ಲಿ ನನ್ನ ಕೈಯಾರೆ, ಸತ್ತವರಿಗೆ ಹಾಕುವ ಸಣ್ಣ ಶಿಲುಬೆಯ ಗುರುತು ಹಾಕಿದ್ದೆ.

ಎರಡನೆಯ ಥಿರ್ಜಾ ನನ್ನ ಸೋದರತ್ತೆ. ತೊಂಬತ್ತು ವರ್ಷ, ಎದೆಯಲ್ಲಿ ಪೇಸ್‌ಮೇಕರ್. ಚಾಪೆಲ್ ಗೋಡೆಯ ಬುಡದಲ್ಲಿ ಅಕ್ಕನನ್ನು ಹೂಳಿದ್ದಾರೆ ಎಂದು ಅಜ್ಜಿ ತೋರಿಸಿದ್ದ ಜಾಗಕ್ಕೆ ಎಂಬತ್ತು ವರ್ಷಗಳಿಂದ ಪ್ರತಿ ವಸಂತದಲ್ಲೂ ಪ್ರಿಮ್‌ರೋಸ್ ಹೂವು ಇಡುತ್ತ ಬಂದವಳು. ತಾನು ಹೋಗುವುದರೊಳಗೆ ಅಲ್ಲೊಂದು ಕಲ್ಲು ನಿಲ್ಲಬೇಕು ಎಂದು ಹಟ ಹಿಡಿದಿದ್ದಳು. ಬೆಳಗಾದರೆ ಶುಕ್ರವಾರ. ಹತ್ತು ಗಂಟೆಗೆ ಕಲ್ಲುಕುಟಿಗ ಟ್ರೆಗಿಯರ್ ಅಕ್ಷರಗಳನ್ನು ಕೊನೆಯ ಸಲ ತೋರಿಸಿ, ಒಪ್ಪಿಗೆ ಪಡೆದು, ಮಧ್ಯಾಹ್ನ ಉಳಿ ಹಚ್ಚುವವನಿದ್ದ. ‘ಥಿರ್ಜಾ, ೧೯೨೯–೧೯೩೧.’ ಆ ೧೯೩೧ನ್ನು ಅಂದಾಜಿನಲ್ಲಿ ಬರೆದುಕೊಟ್ಟವಳೂ ನಾನೇ.

ಮತ್ತೆ ಮಲಗಲಿಲ್ಲ. ಹೇಳಿದರೆ ಅತ್ತೆಯ ಎದೆ ತಡೆಯುತ್ತದೋ ಇಲ್ಲವೋ. ಹೇಳದಿದ್ದರೆ ಬದುಕಿರುವವಳ ಹೆಸರನ್ನು ಕಲ್ಲಿನಲ್ಲಿ ಕೊರೆಸಿದಂತಾಗುತ್ತದೆ, ಅವಳು ಆ ಪ್ರಶ್ನೆಯನ್ನು ಬಾಯಲ್ಲಿಟ್ಟುಕೊಂಡೇ ಹೋಗುತ್ತಾಳೆ. ಬೆಳಕು ಹರಿಯುವ ಮೊದಲೇ ನೊರೀನ್‌ಗೆ ಎರಡು ಸಾಲು ಬರೆದೆ: ನಮ್ಮಲ್ಲಿ ಒಂಬತ್ತು ಗಂಟೆಗೆ ಕರೆ ಮಾಡಲು ನೋಡುತ್ತೇನೆ. ಹನ್ನೆರಡು ವರ್ಷದ ಹಿಂದಿನ ಮಾತನ್ನು ಮೂರು ಸಲ ಬರೆದು ಮೂರು ಸಲ ಅಳಿಸಿದೆ.

ಎಂಟಕ್ಕೆಲ್ಲ ಅತ್ತೆಯ ಮನೆಯಲ್ಲಿದ್ದೆ. ಅವಳ ಕಿಟಕಿಯಿಂದ ಪಾಳುಬಿದ್ದ ಗಣಿಯ ಎಂಜಿನ್ ಮನೆಯ ಚಿಮಣಿ ಕಾಣುತ್ತದೆ. ಟ್ರೆಗಿಯರ್‌ಗೆಂದು ಆಗಲೇ ತಟ್ಟೆಯಲ್ಲಿ ಕೇಸರಿ ಬನ್ನುಗಳನ್ನು ಜೋಡಿಸಿದ್ದಳು.

“ಏನೇ ಲೊವೆನಾ, ಇಷ್ಟ್ ಬೇಗ? ಮುಖ ನೋಡು, ಗಣೀಲಿ ರಾತ್ರಿ ಪಾಳಿ ಮುಗಿಸಿ ಮೇಲೆ ಹತ್ತಿ ಬಂದೋರ ಹಾಗಿದೆ.”

“ಅತ್ತೆ, ಒಂದ್ನಿಮಿಷ ಕೂತ್ಕೋ.”

“ನಿಂತ್ರೇನಾಗುತ್ತೆ? ಕೂರ್ಸಿ ಹೇಳೋ ಮಾತು ಒಂದೂ ಒಳ್ಳೇದಿರಲ್ಲ.”

“ಮಾತ್ರೆ ತಗೊಂಡ್ಯಾ?”

“ತಗೊಂಡೆ ಮಾರಾಯ್ತಿ. ಹೇಳು. ಯಾರು ಹೋದ್ರು?”

“ಯಾರೂ ಹೋಗಿಲ್ಲ,” ಎಂದೆ. ಪದಗಳನ್ನು ದಾರಿಯುದ್ದಕ್ಕೂ ಆರಿಸಿಕೊಂಡು ಬಂದಿದ್ದೆ, ಒಂದೂ ಸಿಗಲಿಲ್ಲ. “ನಿನ್ನ ಅಕ್ಕ ಬದುಕಿದ್ದಾಳೆ.”

ಅತ್ತೆಯ ಕೈಯಲ್ಲಿದ್ದ ಚಹಾದ ಕೆಟಲ್ ಅಲುಗಲಿಲ್ಲ. ಅದನ್ನು ಮೆಲ್ಲಗೆ ಒಲೆಯ ಮೇಲಿಟ್ಟಳು. ನಾನು ಅವಳ ಕುತ್ತಿಗೆಯ ನರವನ್ನೇ ನೋಡುತ್ತಿದ್ದೆ.

“ಆಸ್ಟ್ರೇಲಿಯಾದಲ್ಲಿ,” ಎಂದಳು ಅವಳು.

ನಾನಿನ್ನೂ ದೇಶದ ಹೆಸರನ್ನೇ ಎತ್ತಿರಲಿಲ್ಲ.

“ನಿಂಗೆ ಗೊತ್ತಿತ್ತಾ ಅತ್ತೆ?”

“ಹೋದ ಕ್ರಿಸ್‌ಮಸ್‌ನಲ್ಲಿ ನೀನು ಕೊಳವೆ ತಂದು ಉಗುಳು ಅಂದಾಗ ನಾನ್ಯಾಕೆ ತೆಪ್ಪಗೆ ಉಗುಳ್ದೆ ಅಂದ್ಕೊಂಡೆ? ಚಾಪೆಲ್‌ನಲ್ಲಿ ಬೆಳೆದ ಹೆಂಗಸು ಯಾರ ಮುಂದೇನೂ ಉಗುಳೋಳಲ್ಲ.” ಈಗ ಕೂತಳು. “ಆರು ತಿಂಗಳು ಕಾದೆ. ಏನೂ ಬರ್ಲಿಲ್ಲ. ಅವಳು ಹೋಗಿರ್ಬೇಕು, ಅಲ್ಲಿ ಯಾರಿದ್ದಾರೋ ಇಲ್ವೋ, ಊರಲ್ಲಾದ್ರೂ ಒಂದು ಕಲ್ಲಿರಲಿ ಅನ್ಸ್ತು.”

“ಹೇಗೆ ಗೊತ್ತಾಯ್ತು?”

ಅವಳು ಚಿಮಣಿಯ ಕಡೆ ನೋಡಿದಳು.

“ಒಂಬತ್ತು ವರ್ಷ ನಂಗೆ. ಯುದ್ಧ ನಡೀತಿತ್ತು. ಅಂಚೆಯವ್ನು ಬಂದಾಗ ಮನೇಲಿ ನಾನೊಬ್ಳೇ. ಅಮ್ಮನ ಹೆಸ್ರಿಗೆ ಆಸ್ಟ್ರೇಲಿಯಾದಿಂದ ಕಾಗದ. ಒಡೆದು ನೋಡಿದ್ರೆ ಕೆಳಗೆ ನನ್ನ ಹೆಸ್ರು. ‘ನಿನ್ನ ಮಗಳು ಥಿರ್ಜಾ.’ ಸತ್ತೋಳು ಬರೆದಿದ್ದಾಳೆ ಅಂತ ಕಾಗದಾನ ನೆಲಕ್ಕೆ ಬಿಸಾಕ್ಬಿಟ್ಟೆ. ಆಮೇಲೆ ಪೂರ್ತಿ ಓದ್ದೆ. ‘ಯಾವಾಗ ಬಂದು ಕರ್ಕೊಂಡು ಹೋಗ್ತೀಯಮ್ಮ? ಕಿಟಕಿ ಪಕ್ಕದ ನನ್ನ ಮಂಚ ಹಾಗೇ ಇದ್ಯಾ?’ ಅಂತಿತ್ತು. ಆ ಮಂಚದಲ್ಲಿ ನಾನು ಮಲಗ್ತಿದ್ದೆ ಕಣೇ. ಹೆಸ್ರು ಅವಳ್ದು, ಮಂಚ ಅವಳ್ದು. ಅವಳು ಬಂದ್ಬಿಟ್ರೆ ನಾನು ಯಾರು?”

ಗೋಡೆಯ ಗಡಿಯಾರ ಎಂಟೂಮುಕ್ಕಾಲು ತೋರಿಸುತ್ತಿತ್ತು.

“ಕಾಗದ ಏನು ಮಾಡ್ದೆ?”

“ಕಲ್ಲಿಗೆ ಸುತ್ತಿ ದಾರ ಕಟ್ಟಿ ಗಣಿ ಬಾವಿಗೆ ಹಾಕ್ದೆ. ಆಗ ಮುಚ್ಚಳ ಇರ್ಲಿಲ್ಲ. ಬಗ್ಗಿ ಕಿವಿಗೊಟ್ಟು ಕೂತೆ. ನೀರಿಗೆ ಬಿದ್ದ ಸದ್ದು ಬರೋಕೆ ಎಷ್ಟು ಹೊತ್ತಾಯ್ತು ಗೊತ್ತಾ?” ಬೆರಳಿನಿಂದ ಮೇಜನ್ನು ಒಂದು ಸಲ ತಟ್ಟಿದಳು. “ಅಮ್ಮ ಬರೀ ಬಾಯಲ್ಲಿ ಹೂತಿದ್ಲು. ನಾನು ನಿಜವಾಗ್ಲೂ ಹೂತೆ. ಹೂವಿಡೋಕೆ ಶುರು ಮಾಡಿದ್ದೇ ಅವತ್ತಿಂದ.”

ನನ್ನ ತಪ್ಪನ್ನೂ ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಕೂದಲನ್ನು ಹಿಂದಕ್ಕೆ ಬಾಚಿಕೊಳ್ಳುತ್ತ, “ಎಲ್ಲಿ ನಿನ್ನ ಯಂತ್ರ? ತೆಗಿ,” ಎಂದಳು.

“ಆಗುತ್ತಾ ನಿನ್ ಕೈಲಿ?”

“ಆಗ್ದೇ ಇದ್ರೆ ಕಲ್ಲು ಹೇಗೂ ಸಿದ್ಧ ಇದೆ. ಹೆಸ್ರೂ ಬದಲಾಯಿಸ್ಬೇಕಿಲ್ಲ.”

ಪರದೆಯಲ್ಲಿ ಮೊದಲು ನೊರೀನ್ ಕಂಡಳು, ಆಮೇಲೆ ದಿಂಬು, ಮೂಗಿಗೆ ಕೊಳವೆ ಸಿಕ್ಕಿಸಿಕೊಂಡ ಪುಟ್ಟ ಮುಖ. ಗಲ್ಲ ಥೇಟ್ ಅಜ್ಜಿಯದು. ಅತ್ತೆ ಮುಖವನ್ನು ಪರದೆಯ ಹತ್ತಿರಕ್ಕೆ ತಂದಳು.

“ನಾನು ಥಿರ್ಜಾ,” ಎಂದಳು ಅತ್ತೆ.

“ನಾನೂ,” ಎಂದಿತು ಆ ಮುಖ.

“ಹೆಸ್ರು ವಾಪಸ್ ಕೊಡ್ಬೇಕಾ ಅಕ್ಕಾ?”

“ಇಟ್ಕೊಳ್ಳೇ. ನಂಗೆ ಇನ್ನೆಷ್ಟು ದಿನಕ್ಕೆ ಬೇಕು? ಚೆನ್ನಾಗಿ ಇಟ್ಕೊಂಡಿದ್ಯಾ?”

“ಸ್ವಲ್ಪ ಹರಿದಿದೆ.”

ಅವರು ನಕ್ಕರು. ಆ ಕಡೆ ನಗು ಕೆಮ್ಮಾಯಿತು. ನೊರೀನಳ ಕೈ ಬಂದು ದಿಂಬನ್ನು ಎತ್ತರಿಸಿತು. ಕೆಮ್ಮು ನಿಂತ ಮೇಲೆ ಅಕ್ಕ ಕೇಳಿದಳು, ಒಂದೊಂದು ಮಾತಿಗೂ ಉಸಿರು ತೆಗೆದುಕೊಂಡು.

“ಅಮ್ಮಂಗೆ... ನನ್ನ ಕಾಗದ... ತಲುಪಿತ್ತಾ?”

ಮೇಜಿನ ಕೆಳಗೆ ಅತ್ತೆ ನನ್ನ ಮಣಿಕಟ್ಟನ್ನು ಹಿಡಿದಳು. ಆ ಕೈಗೆ ಅಷ್ಟು ಬಲವಿದೆಯೆಂದು ನನಗೆ ಗೊತ್ತಿರಲಿಲ್ಲ. ಅವಳ ಎದೆ ಏರಿಳಿಯುವುದನ್ನು ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು.

“ಇಲ್ಲ ಅಕ್ಕಾ,” ಎಂದಳು. “ಬರ್ಲೇ ಇಲ್ಲ. ಆಗ ಹಡಗುಗಳೆಲ್ಲ ಮುಳುಗ್ತಿದ್ವಲ್ಲ. ಬಂದಿದ್ರೆ ಅಮ್ಮ ಸುಮ್ನೆ ಕೂರ್ತಿದ್ಲಾ?”

ದಿಂಬಿನ ಮೇಲಿನ ಮುಖ ಕಣ್ಣು ಮುಚ್ಚಿತು. “ಹಾಗೇ ಅಂದ್ಕೊಂಡಿದ್ದೆ. ಹಡಗು ಮುಳುಗಿರ್ಬೇಕು ಅಂತ.” ಮತ್ತೆ ಉಸಿರು. “ಇಲ್ದಿದ್ರೆ ಬರ್ತಿದ್ಲು.”

“ಬರ್ತಿದ್ಲು.”

ಅವಳನ್ನು ಮಲಗಿಸಿ ನೊರೀನ್ ಪರದೆಗೆ ಬಂದಳು. ಅತ್ತು ಕಣ್ಣು ಕೆಂಪಾಗಿದ್ದವು. “ಹನ್ನೆರಡು ವರ್ಷದ ಹಿಂದೆ ಅಮ್ಮ ವಿಮಾನ ಹತ್ತೋ ಹಾಗಿದ್ರು. ಆಗ್ಲೇ ಟಿಕೆಟ್ ಮಾಡ್ಸಿ ಕರ್ಕೊಂಡು ಬರ್ತಿದ್ದೆ. ಸತ್ತುಹೋಗಿದ್ದಾಳೆ ಅಂತ ಬರೆದ ಆ ಮಹಾನುಭಾವರು ಯಾರು ಅಂತ ನಿಮಗೇನಾದ್ರೂ ಗೊತ್ತಾಗುತ್ತಾ?”

ನನ್ನ ಮಣಿಕಟ್ಟು ಇನ್ನೂ ಅತ್ತೆಯ ಹಿಡಿತದಲ್ಲೇ ಇತ್ತು. ಅಲ್ಲಿ ನಾಡಿ ಹೊಡೆದುಕೊಂಡ ರೀತಿಯೇ ಅವಳಿಗೆ ಎಲ್ಲವನ್ನೂ ಹೇಳಿರಬೇಕು. ಅವಳು ನನ್ನ ಕಡೆ ತಿರುಗಲಿಲ್ಲ.

“ಯಾರೋ ಪುಸ್ತಕ ನೋಡಿ ಹೇಳೋರಿರ್ಬೇಕು ಬಿಡಮ್ಮ,” ಎಂದಳು. “ಹುಡುಕಿ ಏನು ಮಾಡ್ತೀಯ?”

ಹತ್ತಕ್ಕೆ ಸರಿಯಾಗಿ ಟ್ರೆಗಿಯರ್ ಬಾಗಿಲು ಬಡಿದ. ಕಾಗದದ ಸುರುಳಿ ಬಿಚ್ಚಿ, “ಉಳಿ ಹಚ್ಲಾ ತಾಯಿ? ಒಂದ್ಸಲ ಹಚ್ಚಿದ್ರೆ ಮತ್ತೆ ಅಳ್ಸೋಕಾಗಲ್ಲ,” ಎಂದ.

“ಬೇಡ. ಇನ್ನೂ ಸತ್ತಿಲ್ವಂತೆ.”

ಅವನು ನನ್ನ ಮುಖ ನೋಡಿದ. ಮುದುಕಿಗೆ ಅರಳುಮರಳು ಎಂದುಕೊಂಡಿರಬೇಕು. ಎರಡು ಬನ್ ತಿಂದು, ಮೂರನೆಯದನ್ನು ಜೇಬಿಗಿಳಿಸಿ ಹೊರಟ.

ಭಾನುವಾರ ರಾತ್ರಿ ನೊರೀನಳಿಂದ ಒಂದು ಸಾಲು ಬಂತು: ಅಮ್ಮ ಹೋದರು. ನಮ್ಮ ವಂಶವೃಕ್ಷದ ಕಡತ ತೆರೆದು ಮೊದಲ ಥಿರ್ಜಾಳ ಪಕ್ಕದ ಹಳೆಯ ದಿನಾಂಕ ಅಳಿಸಿ ಹೊಸದನ್ನು ಬರೆದೆ. ಶಿಲುಬೆಯನ್ನು ಮುಟ್ಟಬೇಕಾಗಲಿಲ್ಲ. ಅದರ ಕೆಳಗೆ ‘ಟಿಪ್ಪಣಿ’ ಎಂಬ ಖಾಲಿ ಚೌಕವಿದೆ. ತಿಳಿದದ್ದನ್ನೆಲ್ಲ, ಎಲ್ಲಿಂದ ತಿಳಿಯಿತೆಂಬುದರ ಸಮೇತ, ಅಲ್ಲಿ ಬರೆಯಬೇಕೆಂಬುದು ನಾನೇ ಎಷ್ಟೋ ಜನಕ್ಕೆ ಹೇಳಿಕೊಟ್ಟ ನಿಯಮ. ‘ಕಾಗದ’ ಎಂದು ಟೈಪಿಸಿದೆ. ಅಳಿಸಿದೆ. ನನ್ನ ಅಡ್ಡಹೆಸರನ್ನು ಟೈಪಿಸಿದೆ. ಅದನ್ನೂ ಅಳಿಸಿದೆ.

ಮಾರನೆಯ ದಿನ ನನ್ನ ತಮ್ಮ ಫೋನ್ ಮಾಡಿ, “ಅಕ್ಕ ತಂಗಿ ಏನೇನು ಮಾತಾಡಿದ್ರು? ಅಜ್ಜಿ ಯಾಕೆ ಹಾಗ್ಮಾಡಿದ್ಲಂತೆ? ನೀನು ಪಕ್ಕದಲ್ಲೇ ಇದ್ದೆಯಲ್ಲ,” ಎಂದು ಕೇಳಿದ.

“ಹೆಸರಿನ ವಿಷಯ ಮಾತಾಡಿ ನಕ್ಕರು,” ಎಂದೆ.

ಅದು ಸುಳ್ಳಲ್ಲ. ಉಳಿದದ್ದನ್ನು ಅವನಿಗಾಗಲಿ, ನೊರೀನ್‌ಗಾಗಲಿ, ಮುಂದೆ ಈ ಕಡತ ತೆರೆಯುವ ಯಾರಿಗೇ ಆಗಲಿ ಹೇಳಬಾರದೆಂದು ಫೋನ್ ಇಡುವಷ್ಟರಲ್ಲಿ ನಿಶ್ಚಯಿಸಿದ್ದೆ.